ಟ್ರ್ಯಾಕ್ಟರಿನಲ್ಲಿ ಬಂದ ಹರಿಗೋಲು

ಹರಿಗೋಲು ನೀರಿನ ಮೇಲೆ ಹೋಗುತ್ತದೆ ಎಂದು ನಮಗೆಲ್ಲ ಗೊತ್ತು. ಆದರೆ ಅದು ನೆಲದ ಮೇಲೂ ಬಹಳ ದೂರ ಹೋಗಬೇಕಾಗುತ್ತದೆ. ದುಂಡಗಿರುವುದರಿಂದ ಅದನ್ನು ಹೊಳೆಯ ಸೆಳವಿಗೆ ಎದುರಾಗಿ ಹುಟ್ಟು ಹಾಕಿ ತರುವುದು ಬಲು ಕಷ್ಟ. ಹೊಗೇನಕಲ್ಲಿನಲ್ಲಿ ಅಂಬಿಗರು ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ದಡ ಹತ್ತುತ್ತಾರೆ. ಸುಮಾರು 2,400 ವರ್ಷಗಳ ಹಿಂದೆ ಹೆರೊಡೋಟಸ್ ಎಂಬ ಗ್ರೀಕ್ ಇತಿಹಾಸಕಾರ ಬ್ಯಾಬಿಲೋನಿನ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಆ ದೋಣಿಯಲ್ಲಿ ಸರಕಿನ ಜೊತೆ ಒಂದು ಕತ್ತೆಯೂ ಇರುತ್ತಿತ್ತಂತೆ! ಊರು ತಲುಪಿದ ಮೇಲೆ ಸರಕನ್ನೂ ದೋಣಿಯ ಕಟ್ಟಿಗೆಯನ್ನೂ ಮಾರಿ, ಹೊರಗಿನ ಚರ್ಮವನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನಡೆದೇ ವಾಪಸು. ನಮ್ಮ ಕಡೆಯ ಹರಿಗೋಲನ್ನು ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಯಸ್ ನೋಡಿದ್ದ. ಒಳಗೆ ಬೆತ್ತ, ಹೊರಗೆ ಚರ್ಮ, 15-20 ಜನ ಹಿಡಿಸುತ್ತಾರೆ, ಯಾವಾಗಲೂ ತಿರುಗುತ್ತಲೇ ಇರುತ್ತದೆ ಎಂದು ಬರೆದಿದ್ದಾನೆ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುತ್ತಾರೆ.

ನಮಗೆ ಕತ್ತೆ ಇರಲಿಲ್ಲ, ಟ್ರ್ಯಾಕ್ಟರ್ ಇತ್ತು. ಕೆರೆಗೆ ನೀರು ಬಂದ ಮೇಲೆ ಅಪ್ಪ, ಚಿಕ್ಕಪ್ಪ ಮೀನು ಸಾಕುವುದರಲ್ಲಿ ಪಾಲು ಹಿಡಿದರು. ಆ ವರ್ಷದ ಕೊಬ್ಬರಿ ದುಡ್ಡೆಲ್ಲ ಮೀನುಮರಿಗೆ ಹೋಯಿತು. ಹರಿಗೋಲಿಲ್ಲದೆ ಬಲೆ ಬಿಡುವ ಹಾಗಿಲ್ಲ. ಅದಕ್ಕೆ ಮಾರಿಕಣಿವೆ ಕಡೆಯಿಂದ ಹಳೆಯದೊಂದನ್ನು ತರುವುದು ಎಂದಾಯಿತು. (1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು 1933ರಲ್ಲಿ ತುಂಬಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷ ಬಿಟ್ಟು 2022ರಲ್ಲಿ.) ಅಜ್ಜಿ ಮಾತ್ರ, "ನೀರಿನ ಸವಾಸ ಬ್ಯಾಡ ಕಣ್ರಪ್ಪ, ಮನೇಲಿ ಒಬ್ರಿಗೂ ಈಜು ಬರಾಕಿಲ್ಲ" ಅಂತ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಹರಿಗೋಲಿನ ಬಾಯಿ ಎಂಟು ಅಡಿ ಅಗಲ, ಎತ್ತರ ಎರಡೂವರೆ ಅಡಿ. ನಮ್ಮ ಟ್ರೈಲರಿನ ಅಗಲ ಆರೇ ಅಡಿ. ಚಿಕ್ಕಪ್ಪ, "ಒಂದು ಮಗ್ಗುಲಿಗೆ ನಿಲ್ಲಿಸಿ ಕಟ್ಟಿದ್ರಾತು, ಜಾಗ ಉಳೀತದೆ" ಅಂದರು. ಇಲ್ಲಿ ನಮ್ಮ ಗಣಿತ ಕೆಲಸಕ್ಕೆ ಬಂತು. ವೃತ್ತದ ವಿಸ್ತೀರ್ಣ 22/7 × 4 × 4, ಅಂದರೆ ಸುಮಾರು 50 ಚದರ ಅಡಿ. ನಿಲ್ಲಿಸಿದರೆ ಅಷ್ಟಕ್ಕೂ ಗಾಳಿ ಬಡಿಯುತ್ತದೆ. ಮಲಗಿಸಿದರೆ ಗಾಳಿಗೆ ಸಿಗುವುದು ಹೆಚ್ಚೆಂದರೆ 8 × 2½ = 20 ಚದರ ಅಡಿ. ಬಾಯಿ ಮೇಲಾದರೆ ಗಾಳಿ ಒಳಗೆ ತುಂಬುತ್ತದೆ. ಆದ್ದರಿಂದ ಬೋರಲು ಮಲಗಿಸುವುದೇ ಸರಿ. ಎರಡೂ ಕಡೆ ಒಂದೊಂದು ಅಡಿ ಹೊರಗೆ ಚಾಚುತ್ತದೆ, ಅಲ್ಲಿಗೆ ಕೆಂಪು ಬಟ್ಟೆ ಕಟ್ಟಿದೆವು. ಬಿದಿರಿನ ಅಂಚು ಕಬ್ಬಿಣಕ್ಕೆ ಉಜ್ಜದಂತೆ ಕೆಳಗೆ ತೆಂಗಿನ ಮಟ್ಟೆ ತುಂಬಿದ ಚೀಲಗಳನ್ನು ಇಟ್ಟೆವು. ಬಿಸಿಲೇರಿದರೆ ಡಾಂಬರು ಮೆತ್ತಗಾಗಿ ಹಗ್ಗ ಅದರೊಳಗೆ ಕೂರುತ್ತದೆ. ಅದಕ್ಕೆ ಹಗ್ಗದ ಅಡಿಗೂ ಗೋಣಿಚೀಲ ಹಾಕಿ, ಬೆಳಗಿನ ಜಾವವೇ ಹೊರಟೆವು.

ಮುಂಭಾರ ಹಿಂಭಾರದ ವಿಷಯ ಗಾಡಿ ಹೊಡೆದವರಿಗೆ ಗೊತ್ತು. ಗಾಡಿ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಎರಡು ಚಕ್ರದ ಟ್ರೈಲರೂ ಹಾಗೆಯೇ. ಹಿಂಭಾರವಾದರೆ ಅದು ಟ್ರ್ಯಾಕ್ಟರಿನ ಹಿಂಭಾಗವನ್ನು ಮೇಲೆತ್ತುತ್ತದೆ, ಹಿಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ, ಟ್ರೈಲರ್ ಅತ್ತಿತ್ತ ಓಲಾಡುತ್ತದೆ. ಇದು ನಾವು ಓದಿದ ಸನ್ನೆಯ ಪಾಠವೇ, ಅಚ್ಚು ಆಧಾರಬಿಂದು. ಬಲೆ, ಹುಟ್ಟು, ಸೀಸದ ಗುಂಡುಗಳನ್ನು ಅಪ್ಪ ಅಚ್ಚಿನಿಂದ ಸ್ವಲ್ಪ ಮುಂದಕ್ಕೆ ಇಡಿಸಿದರು. ಪೂರ್ತಿ ಮುಂದಕ್ಕೂ ಅಲ್ಲ, ಅಲ್ಲಿಟ್ಟರೆ ಕೊಂಡಿಗೆ ಭಾರ ಜಾಸ್ತಿ.

ಸ್ವಲ್ಪ ದೂರ ಬಂದು ಗಾಡಿ ನಿಲ್ಲಿಸಿ ನೋಡಿದರೆ ಹಗ್ಗ ಸಡಿಲ! ಯಾರೂ ಬಿಚ್ಚಿರಲಿಲ್ಲ. ಕುಲುಕಾಟಕ್ಕೆ ಮಟ್ಟೆ ಚೀಲಗಳು ಅಮರಿಕೊಂಡು ಹರಿಗೋಲು ಕೆಳಗಿಳಿದಿತ್ತು. ಮತ್ತೆ ಬಿಗಿದೆವು. ಹೊರೆ ಕಟ್ಟಿದ ಮೇಲೆ ಒಂದು ಸಲ ನಿಲ್ಲಿಸಿ ನೋಡಲೇಬೇಕು.

ನನ್ನ ತಮ್ಮ ದಾರಿಯುದ್ದಕ್ಕೂ ಹಾಯಿ ಕಟ್ಟೋಣ ಅಂತಿದ್ದ. ಹಾಯಿದೋಣಿ ಉದ್ದವಾಗಿರುತ್ತದೆ, ಅದು ಪಕ್ಕಕ್ಕೆ ಜಾರದಂತೆ ತಳದಲ್ಲಿ ನೀರಿಗಿಳಿದ ಹಲಗೆ ಇರುತ್ತದೆ. ನಮ್ಮದಕ್ಕೆ ಅದಿಲ್ಲ. ಹಾಯಿ ಕಟ್ಟಿದರೆ ಬುಗುರಿಯೇ!

ಅಜ್ಜಿಯ ಭಯಕ್ಕೆ ಉತ್ತರ ಹೇಳಬೇಕಲ್ಲ. ಹರಿಗೋಲಿನ ತಳದ ಅಗಲ ಏಳು ಅಡಿ, ವಿಸ್ತೀರ್ಣ 38½ ಚದರ ಅಡಿ. ಅರ್ಧ ಅಡಿ ಮುಳುಗಿದರೆ 19 ಘನ ಅಡಿಗಿಂತ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಒಂದು ಘನ ಅಡಿ ನೀರು ಸುಮಾರು 28 ಕೆ.ಜಿ. ಆರ್ಕಿಮಿಡೀಸನ ನಿಯಮದಂತೆ ಒಟ್ಟು ಸುಮಾರು 540 ಕೆ.ಜಿ. ಹೊರುತ್ತದೆ. ಅಪ್ಪ ತಳದಿಂದ ಅರ್ಧ ಅಡಿ ಮೇಲೆ ಸುತ್ತಲೂ ಬಿಳಿ ಬಣ್ಣದ ಗೆರೆ ಎಳೆದರು. ಗೆರೆ ಮುಳುಗುವಷ್ಟು ಭಾರ ಹಾಕಕೂಡದು, ಗಾಳಿ ತುಂಬಿದ ಟ್ಯೂಬ್ ಕಟ್ಟಿಕೊಳ್ಳದೆ ಯಾರೂ ಹತ್ತಕೂಡದು ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದರು.

ದಡದ ಹತ್ತಿರ ನಾಲ್ಕು ಜನ ಕೂತು ನೋಡಿದೆವು. ಜನರ ತೂಕ 200, ಹರಿಗೋಲು ಅಂದಾಜು 60, ಒಟ್ಟು 260 ಕೆ.ಜಿ. ಲೆಕ್ಕದ ಪ್ರಕಾರ ಮೂರು ಅಂಗುಲ ಮುಳುಗಬೇಕು. ಅಜ್ಜಿ ದಡದಲ್ಲಿ ನಿಂತು ಗೆರೆಯನ್ನೇ ನೋಡುತ್ತಿದ್ದರು. ಚಿಕ್ಕಪ್ಪ ಸ್ಕೇಲು ಇಟ್ಟು ಅಳೆದಾಗ ಮೂರು ಅಂಗುಲ ಮತ್ತು ಒಂದು ಕೂದಲೆಳೆ.