ಪೋರ್ಟ್ ಎಣಿಸಿ ಹಬ್ ಕೊಳ್ಳಬೇಡಿ

ಈಚಿನ ತೆಳು ಲ್ಯಾಪ್‌ಟಾಪ್‌ಗಳ ಪಕ್ಕದಲ್ಲಿ ಒಂದೋ ಎರಡೋ ಟೈಪ್-ಸಿ ಪೋರ್ಟ್ ಇದ್ದರೆ ಹೆಚ್ಚು. ಕೊಳ್ಳೇಗಾಲದ ಡಿಟಿಪಿ ಅಂಗಡಿಯ ಮೇಜಿನ ಮೇಲಾದರೋ ಪ್ರಿಂಟರ್, ಸ್ಕ್ಯಾನರ್, ಥಂಬ್ ಯಂತ್ರ, ಮೌಸ್, ಗಿರಾಕಿ ತಂದ ಪೆನ್‌ಡ್ರೈವ್ ಎಲ್ಲವೂ ಹಳೆಯ ಚಪ್ಪಟೆ ಪಿನ್ನಿನವೇ. ಯಳಂದೂರಿನ ಮೇಷ್ಟರಿಗೆ ಪ್ರೊಜೆಕ್ಟರ್ ಸಿಕ್ಕಿಸಬೇಕು, ಹನೂರಿನ ಫೋಟೊ ಸ್ಟುಡಿಯೊದವರಿಗೆ ಮದುವೆಯ ಕಾರ್ಡ್ ಖಾಲಿ ಮಾಡಬೇಕು. ಹಬ್ ಅಥವಾ ಡಾಕ್ ಬೇಕಾಗುವುದು ಇಂಥ ಕಡೆ. ಅಂಗಡಿಯಲ್ಲಿ ‘ಎಂಟು ಪೋರ್ಟ್, ಹತ್ತು ಪೋರ್ಟ್’ ಎಂದು ತೋರಿಸುತ್ತಾರೆ. ಆದರೆ ಕರೆಂಟ್ ಹೋಗಿ ಬರುವ ಊರುಗಳಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಕರೆಂಟ್ ಹೋದ ಕ್ಷಣ ಇದು ಏನು ಮಾಡುತ್ತದೆ ಎಂಬುದು.

ಹಬ್ ಲ್ಯಾಪ್‌ಟಾಪ್‌ನಿಂದಲೇ ವಿದ್ಯುತ್ ಪಡೆಯುತ್ತದೆ, ಬ್ಯಾಗಿನಲ್ಲಿ ಹಿಡಿಯುತ್ತದೆ, ಸಾವಿರದ ಆಸುಪಾಸಿನಿಂದ ಮೂರ್ನಾಲ್ಕು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಡಾಕ್‌ಗೆ ತನ್ನದೇ ದಪ್ಪ ಅಡಾಪ್ಟರ್ ಇರುತ್ತದೆ, ಮೇಜಿನ ಮೇಲೆ ಕಾಯಂ ಕೂರುತ್ತದೆ, ಬೆಲೆ ಹಲವು ಪಟ್ಟು. ನಮ್ಮ ಕಡೆಯ ಬಹುಪಾಲು ಕೆಲಸಕ್ಕೆ ಹಬ್ ಸಾಕು ಎಂಬುದು ನನ್ನ ಅಭಿಪ್ರಾಯ.

1. ಚೀಟಿ ಬರೆಯಿರಿ

ಒಂದೇ ಹೊತ್ತಿಗೆ ಏನೇನು ಸಿಕ್ಕಿಸುತ್ತೀರಿ ಎಂದು ಬರೆದುಕೊಳ್ಳಿ. ಜೆರಾಕ್ಸ್ ಅಂಗಡಿಗಳಲ್ಲಿ ಇಂದಿಗೂ ದುಡಿಯುತ್ತಿರುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಯುಎಸ್‌ಬಿ 2.0 ಕಾಲದ್ದು, ಅದಕ್ಕೆ ಸೆಕೆಂಡಿಗೆ 480 ಮೆಗಾಬಿಟ್ ವೇಗವೇ ಧಾರಾಳ. ಕೀಬೋರ್ಡ್, ಮೌಸ್, ಥಂಬ್ ಯಂತ್ರದ ಕಥೆಯೂ ಅಷ್ಟೇ. ಇಷ್ಟೇ ಕೆಲಸವಿದ್ದವರು 10 ಗಿಗಾಬಿಟ್ ಹಬ್‌ಗೆ ದುಡ್ಡು ಸುರಿಯುವುದು ದಂಡ.

ವೇಗ ಬೇಕಾಗುವುದು ಹಾರ್ಡ್‌ಡಿಸ್ಕ್‌ಗೆ ಮತ್ತು ಕ್ಯಾಮೆರಾ ಕಾರ್ಡಿಗೆ. ಅಗ್ಗದ ಹಬ್‌ಗಳಲ್ಲಿ ಯುಎಸ್‌ಬಿ ಪೋರ್ಟ್ 5 ಗಿಗಾಬಿಟ್ ಇದ್ದರೂ ಎಸ್‌ಡಿ ಕಾರ್ಡಿನ ಜಾಗ ಮಾತ್ರ 2.0 ವೇಗದ್ದೇ ಆಗಿರುವುದುಂಟು. 64 ಜಿಬಿ ಕಾರ್ಡ್ ಅದರಲ್ಲಿ ಖಾಲಿಯಾಗಲು ಅರ್ಧ ಗಂಟೆ ಹಿಡಿಯುತ್ತದೆ. ಸೆಕೆಂಡಿಗೆ 90 ಎಂಬಿ ಓದುವ ಕಾರ್ಡ್ ರೀಡರ್ ಆದರೆ ಹನ್ನೆರಡು ನಿಮಿಷ. ಮದುವೆ ಸೀಸನ್ನಿನ ಸ್ಟುಡಿಯೊಗಳಿಗೂ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಕ್ಯಾಮೆರಾ ಟ್ರ್ಯಾಪ್ ಇಡುವವರಿಗೂ ಇದು ಸಣ್ಣ ವ್ಯತ್ಯಾಸವಲ್ಲ.

2. ಲ್ಯಾಪ್‌ಟಾಪ್‌ನ ಪೋರ್ಟ್ ನೋಡಿ

ಟೈಪ್-ಸಿ ಎಂದರೆ ಆಕಾರ ಮಾತ್ರ. ಒಳಗಿನ ಸಾಮರ್ಥ್ಯ ಬೇರೆ ಬೇರೆ. ಪೋರ್ಟ್ ಪಕ್ಕ ಮಿಂಚಿನ ಗುರುತಿದ್ದರೆ ಸಾಮಾನ್ಯವಾಗಿ ಅದು ಥಂಡರ್‌ಬೋಲ್ಟ್. ಡಿ ಮತ್ತು ಪಿ ಅಕ್ಷರ ಹೆಣೆದ ಗುರುತಿದ್ದರೆ ಚಿತ್ರ ಹೊರಗೆ ಹೋಗುತ್ತದೆ. ಗುರುತೇ ಇಲ್ಲದಿದ್ದರೆ ಮಾಡೆಲ್ ಸಂಖ್ಯೆ ಹಾಕಿ ಕಂಪನಿಯ ವಿವರದಲ್ಲಿ ‘ಡಿಸ್‌ಪ್ಲೇಪೋರ್ಟ್’, ‘ಪವರ್ ಡೆಲಿವರಿ’ ಎಂಬ ಎರಡು ಪದ ಹುಡುಕಿ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳ ಟೈಪ್-ಸಿ ಬರೀ ಡೇಟಾ ಸಾಗಿಸುತ್ತದೆ. ಅಂಥದ್ದಕ್ಕೆ ಎಚ್‌ಡಿಎಂಐ ಇರುವ ಮಾಮೂಲಿ ಹಬ್ ಸಿಕ್ಕಿಸಿದರೆ ಪರದೆ ಕಪ್ಪಾಗಿಯೇ ಇರುತ್ತದೆ. ಲ್ಯಾಪ್‌ಟಾಪ್‌ಗೆ ದುಂಡು ಪಿನ್ನಿನ ಚಾರ್ಜರ್ ಬಂದಿದ್ದರೆ ಅದು ಟೈಪ್-ಸಿಯಲ್ಲಿ ಚಾರ್ಜ್ ಆಗುತ್ತದೆಯೇ ಎಂದೂ ಖಚಿತಪಡಿಸಿಕೊಳ್ಳಿ.

ಹಳೆಯ ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ, ಚಪ್ಪಟೆ ಯುಎಸ್‌ಬಿ ಎರಡೂ ಇದ್ದರೆ ನಾಲ್ಕು ಪೋರ್ಟಿನ ಸಾದಾ ಯುಎಸ್‌ಬಿ 3.0 ಹಬ್ ತಂದು ಸುಮ್ಮನಾಗಿ.

3. ಕರೆಂಟಿನ ಲೆಕ್ಕ

ಚಪ್ಪಟೆ ಯುಎಸ್‌ಬಿ 3.0 ಪೋರ್ಟ್ ಕೊಡಬೇಕೆಂದು ನಿಯಮವಿರುವುದು 5 ವೋಲ್ಟ್‌ನಲ್ಲಿ 900 ಮಿಲಿಆಂಪ್, ಅಂದರೆ ನಾಲ್ಕೂವರೆ ವ್ಯಾಟ್. ಅದಕ್ಕೆ ಹಬ್ ಹಾಕಿ ಎರಡು ಹಾರ್ಡ್‌ಡಿಸ್ಕ್ ಸಿಕ್ಕಿಸಿದರೆ ಒಂದೇ ನಲ್ಲಿಗೆ ಹತ್ತು ಬಿಂದಿಗೆ ಇಟ್ಟಂತೆ. ಡಿಸ್ಕ್ ಟಿಕ್ ಟಿಕ್ ಎಂದು ಬಿಟ್ಟು ಬಿಟ್ಟು ಕಾಣಿಸಿಕೊಳ್ಳುತ್ತಿದ್ದರೆ ಕಾರಣ ಹೆಚ್ಚಾಗಿ ಇದೇ.

ಹಬ್ ಮೂಲಕ ಚಾರ್ಜ್ ಮಾಡುವಾಗ ಇನ್ನೊಂದು ಲೆಕ್ಕವಿದೆ. ಡಬ್ಬಿಯ ಮೇಲೆ 100 ವ್ಯಾಟ್ ಎಂದಿದ್ದರೂ ಹಬ್ ತನಗೆಂದು 10–15 ವ್ಯಾಟ್ ಹಿಡಿದುಕೊಂಡು ಉಳಿದದ್ದನ್ನು ದಾಟಿಸುತ್ತದೆ. 65 ವ್ಯಾಟ್ ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪ್‌ಗೆ ಸಿಗುವುದು 50ರ ಆಸುಪಾಸು. ಹೊಸ ಚಾರ್ಜರ್ ಕೊಳ್ಳುವುದಾದರೆ ಅದರ ಮೇಲಿನ ಬಿಐಎಸ್ ಗುರುತಿನ ಜೊತೆಗಿರುವ ‘ಆರ್’ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಸುಳ್ಳು ಮುದ್ರೆಯಾದರೆ ಅಲ್ಲೇ ಗೊತ್ತಾಗುತ್ತದೆ.

ಈಗ ಕರೆಂಟ್ ಹೋಯಿತು ಅನ್ನಿ. ಶಿವನಸಮುದ್ರದ ವಿದ್ಯುತ್ 1902ರಲ್ಲೇ ಕೋಲಾರದ ಚಿನ್ನದ ಗಣಿ ಮುಟ್ಟಿತು. ಪಕ್ಕದ ಊರಿನವರಾದ ನಾವು ಇವತ್ತೂ ಈ ಲೆಕ್ಕ ಹಾಕಬೇಕು! ಡಾಕ್ ಇದ್ದರೆ ಮಾನಿಟರ್, ಲ್ಯಾನ್, ಹಾರ್ಡ್‌ಡಿಸ್ಕ್ ಎಲ್ಲ ಒಟ್ಟಿಗೇ ಕಳಚಿಕೊಳ್ಳುತ್ತವೆ, ಲ್ಯಾಪ್‌ಟಾಪ್ ಒಂದೇ ಎಚ್ಚರವಿರುತ್ತದೆ. ಹಬ್ ಆದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಬದುಕುತ್ತದೆ. ಆದರೆ ಚಾರ್ಜರನ್ನು ಹಬ್‌ಗೇ ಸಿಕ್ಕಿಸಿದ್ದರೆ, ಕರೆಂಟ್ ಹೋಗುವಾಗಲೂ ಬರುವಾಗಲೂ ಬಹಳಷ್ಟು ಹಬ್‌ಗಳು ಅರೆಕ್ಷಣ ಎಲ್ಲವನ್ನೂ ಕೈಬಿಟ್ಟು ಮತ್ತೆ ಹಿಡಿಯುತ್ತವೆ. ಮೌಸ್‌ಗೆ ಅದರಿಂದ ಏನೂ ಆಗದು. ಹಾರ್ಡ್‌ಡಿಸ್ಕ್‌ಗೆ ಫೈಲ್ ಬರೆಯುತ್ತಿದ್ದರೆ ಫೈಲ್ ಕೆಡಬಹುದು. ವ್ಯಾಪಾರಿಗಳ ಟ್ಯಾಲಿ ಲೆಕ್ಕವನ್ನು ಹೊರಗಿನ ಡಿಸ್ಕ್‌ನಲ್ಲಿ ಇಟ್ಟುಕೊಂಡವರು ಇದನ್ನು ಎರಡು ಸಲ ಓದಬೇಕು. ಉಪಾಯ ಸುಲಭ: ಡಿಸ್ಕನ್ನು ನೇರ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಪ್ರಿಂಟರ್, ಥಂಬ್ ಯಂತ್ರ ಹಬ್‌ನಲ್ಲಿರಲಿ. ಎರಡು ಟೈಪ್-ಸಿ ಇದ್ದರೆ ಚಾರ್ಜರ್ ಒಂದಕ್ಕೆ, ಹಬ್ ಇನ್ನೊಂದಕ್ಕೆ. ಡಾಕ್‌ ಬೇಕೇ ಬೇಕೆನ್ನುವವರು ಅದರ ಅಡಾಪ್ಟರನ್ನೂ ರೂಟರನ್ನೂ ಯುಪಿಎಸ್‌ಗೆ ಹಾಕಿ. ಮನೆಯ ಇನ್ವರ್ಟರ್ ಆದರೆ ಅದರ ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಿರುಗಿಸಿಡಿ. ಬದಲಾವಣೆ ಬೇಗ ಆಗುತ್ತದೆ.

4. ಪರದೆ, ನೆಟ್

ಶಾಲೆ-ಕಾಲೇಜಿನ ಹಳೆಯ ಪ್ರೊಜೆಕ್ಟರ್‌ಗಳಿಗೆ ಹದಿನೈದು ಪಿನ್ನಿನ ನೀಲಿ ವಿಜಿಎ ಬೇಕು. ವಿಜಿಎ ಇರುವ ಹಬ್ಬನ್ನೇ ಆರಿಸಿ, ವಿಜಿಎ ತಂತಿಯಲ್ಲಿ ಸದ್ದು ಹೋಗುವುದಿಲ್ಲ ಎಂಬುದು ನೆನಪಿರಲಿ, ಸ್ಪೀಕರ್ ಬೇರೆ. ಮಾನಿಟರ್ ಫುಲ್ ಎಚ್‌ಡಿ ಆಗಿದ್ದರೆ 4ಕೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 4ಕೆ ಮಾನಿಟರ್ ಇದ್ದವರು ಮಾತ್ರ ‘60 ಹರ್ಟ್ಜ್’ ಎಂದು ಬರೆದಿರುವುದನ್ನು ಕೇಳಿ ಪಡೆಯಿರಿ. 30 ಹರ್ಟ್ಜ್‌ನದರಲ್ಲಿ ಮೌಸ್ ಬಾಣ ಎಳೆದೆಳೆದು ಓಡುತ್ತದೆ. ಎಂ1, ಎಂ2 ಚಿಪ್ಪಿನ ಮ್ಯಾಕ್‌ಬುಕ್ ಏರ್ ಹೊರಗಿನ ಒಂದೇ ಮಾನಿಟರ್ ನಡೆಸುತ್ತದೆ. ಎರಡು ಬೇಕೆಂದರೆ ಡಿಸ್‌ಪ್ಲೇಲಿಂಕ್ ತಂತ್ರಾಂಶ ಹಾಕಿ ನಡೆಸುವ ಡಾಕೇ ಆಗಬೇಕು.

ಲ್ಯಾನ್ ಪೋರ್ಟ್ 100 ಮೆಗಾಬಿಟ್ಟಿನದೋ ಗಿಗಾಬಿಟ್ಟಿನದೋ ಕೇಳಿ. ಫೈಬರ್ ಪ್ಲಾನ್ 100ರೊಳಗಿದ್ದರೆ ಯಾವುದಾದರೂ ನಡೆಯುತ್ತದೆ. ಹಬ್ ಹಾಕಿದ ಮೇಲೆ ವೈರ್‌ಲೆಸ್ ಮೌಸ್ ತಡವರಿಸಿದರೆ ಮೌಸನ್ನು ಬೈಯಬೇಡಿ. ಯುಎಸ್‌ಬಿ 3.0 ಹೊಮ್ಮಿಸುವ ಗದ್ದಲ 2.4 ಗಿಗಾಹರ್ಟ್ಜ್ ತರಂಗಕ್ಕೆ ಅಡ್ಡಬರುತ್ತದೆ ಎಂದು ಇಂಟೆಲ್ 2012ರಲ್ಲೇ ವರದಿ ಕೊಟ್ಟಿದೆ. ಮೌಸಿನ ರಿಸೀವರನ್ನು ಲ್ಯಾಪ್‌ಟಾಪ್‌ನ ಇನ್ನೊಂದು ಪಕ್ಕಕ್ಕೆ ಹಾಕಿ, ಇಲ್ಲವೇ ಗೇಣುದ್ದದ ಎಕ್ಸ್‌ಟೆನ್ಷನ್ ತಂತಿ ಕೊಡಿ.

5. ಅಂಗಡಿಯಲ್ಲೇ ಪರೀಕ್ಷೆ

ಕೊಳ್ಳೇಗಾಲದಲ್ಲಿ ಕೊಂಡರೂ ಮೈಸೂರಿಗೆ ಹೋದರೂ ಲ್ಯಾಪ್‌ಟಾಪ್, ಅದರ ಚಾರ್ಜರ್, ಒಂದು ಪೆನ್‌ಡ್ರೈವ್ ಜೊತೆಗಿರಲಿ. ಎಲ್ಲವನ್ನೂ ಒಟ್ಟಿಗೆ ಸಿಕ್ಕಿಸಿ. ಬೇಡದ ದೊಡ್ಡ ವಿಡಿಯೊ ಒಂದನ್ನು ಪೆನ್‌ಡ್ರೈವ್‌ಗೆ ಕಾಪಿ ಹಾಕಿ, ಅದು ಓಡುತ್ತಿರುವಾಗಲೇ ಚಾರ್ಜರಿನ ಸ್ವಿಚ್ ಆರಿಸಿ, ಮತ್ತೆ ಹಾಕಿ. ಕಾಪಿ ನಿಲ್ಲದಿದ್ದರೆ ಆ ಹಬ್ ಸರಿ. ನಿಂತರೆ ಬೇರೆ ತೋರಿಸಲು ಹೇಳಿ. ಬಿಸಿಯಾಗುವುದು ಸಹಜ, ಮುಟ್ಟಿ ಹಿಡಿಯಲಾಗದಷ್ಟು ಸುಟ್ಟರೆ ಬೇಡ. ಆನ್‌ಲೈನ್‌ನಲ್ಲಿ ತರಿಸಿದವರು ಇದೇ ಪರೀಕ್ಷೆಯನ್ನು ವಾಪಸ್ ಕೊಡುವ ಗಡುವಿನೊಳಗೆ ಮುಗಿಸಿ, ಅಲ್ಲಿಯವರೆಗೆ ಡಬ್ಬಿ ಎಸೆಯಬೇಡಿ. ಜಿಎಸ್‌ಟಿ ಬಿಲ್ ಇಲ್ಲದೆ ವಾರಂಟಿ ಕೇಳಲು ಹೋದರೆ ಹನೂರಿನಿಂದ ಕೊಟ್ಟ ಬಸ್ ಚಾರ್ಜೂ ದಂಡ.