ಓವರ್‌ಡ್ರೈವ್ ಗುಂಡಿ: ಯಾವಾಗ ಬೇಕು, ಯಾವಾಗ ಬೇಡ

ಸ್ವಯಂಚಾಲಿತ ಗೇರುಪೆಟ್ಟಿಗೆಯುಳ್ಳ ಅನೇಕ ಕಾರುಗಳಲ್ಲಿ ಗೇರಿನ ಹಿಡಿಯ ಪಕ್ಕದಲ್ಲಿ ‘ಓ/ಡಿ’ ಎಂಬ ಗುರುತುಳ್ಳ ಸಣ್ಣ ಗುಂಡಿಯೊಂದಿರುತ್ತದೆ. ಇಂತಹ ವಾಹನವನ್ನು ಹೊಸದಾಗಿ ಕೊಂಡವರಲ್ಲಿ ಬಹುಮಂದಿ ಅದನ್ನು ಮುಟ್ಟುವುದೇ ಇಲ್ಲ. ಮತ್ತೆ ಕೆಲವರು ಅರಿವಿಲ್ಲದೆ ಒತ್ತಿ ಬಹುದೂರ ಹಾಗೆಯೇ ಓಡಿಸುತ್ತಾರೆ. ಎರಡನೆಯವರಿಗೆ ಆಗುವುದು ಇಂಧನದ ನಷ್ಟ ಮಾತ್ರ. ಮೊದಲನೆಯವರಿಗೆ ಬಯಲಿನಲ್ಲಿ ನಷ್ಟವೇನೂ ಇಲ್ಲ. ಆದರೆ ಘಟ್ಟವನ್ನು ಇಳಿಯುವಾಗ ಪ್ರಾಣಾಪಾಯವೇ ಒದಗಬಹುದು.

ಓವರ್‌ಡ್ರೈವ್ ಎಂದರೆ, ಎಂಜಿನು ತಿರುಗುವುದಕ್ಕಿಂತ ಗೇರುಪೆಟ್ಟಿಗೆಯಿಂದ ಹೊರಬರುವ ದಂಡವು ಹೆಚ್ಚು ವೇಗವಾಗಿ ತಿರುಗುವಂತೆ ಮಾಡುವ ಗೇರು. ನಾಲ್ಕು ಗೇರುಗಳ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರನೆಯ ಗೇರಿನ ಅನುಪಾತವು 1ರ ಆಸುಪಾಸಿನಲ್ಲಿಯೂ ನಾಲ್ಕನೆಯದು 0.7ರ ಆಸುಪಾಸಿನಲ್ಲಿಯೂ ಇರುತ್ತದೆ. ಮೂರನೆಯ ಗೇರಿನಲ್ಲಿ ನಿಮಿಷಕ್ಕೆ 3,000 ಸುತ್ತು ತಿರುಗುವ ಎಂಜಿನು, ಅದೇ ವೇಗದಲ್ಲಿ ನಾಲ್ಕನೆಯ ಗೇರಿಗೆ ಬಂದಾಗ 2,100 ಸುತ್ತುಗಳಲ್ಲಿಯೇ ಕೆಲಸ ಮುಗಿಸುತ್ತದೆ. ಸದ್ದು ತಗ್ಗುತ್ತದೆ, ಸವೆತ ಕಡಿಮೆಯಾಗುತ್ತದೆ, ಪೆಟ್ರೋಲು ಉಳಿಯುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಈ ಏರ್ಪಾಡು ಸ್ವಯಂಚಾಲಿತ ವಾಹನಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದುದರಲ್ಲಿ ಆಶ್ಚರ್ಯವಿಲ್ಲ.

ಗುಂಡಿಯ ದೀಪದ ವಿಷಯದಲ್ಲಿ ಗೊಂದಲ ಸಹಜ. ಚಾಲಕನ ಮುಂದಿನ ಫಲಕದಲ್ಲಿ ‘ಓ/ಡಿ ಆಫ್’ ದೀಪವು ಹೊತ್ತಿದ್ದರೆ ಓವರ್‌ಡ್ರೈವ್ ಬಂದ್ ಆಗಿದೆ ಎಂದರ್ಥ. ದೀಪವಿಲ್ಲದಿದ್ದರೆ ಅದು ಬಳಕೆಗೆ ಸಿದ್ಧವಾಗಿದೆ. ಹೊತ್ತಿದ ದೀಪವು ಚಾಲೂ ಇರುವುದನ್ನು ಸೂಚಿಸುವುದೇ ಲೋಕರೂಢಿ. ಇಲ್ಲಿ ಅದು ತಿರುವುಮುರುವು. ಕೆಲವು ವಾಹನಗಳಲ್ಲಿ ಈ ದೀಪವು ಮಿನುಗತೊಡಗಿದರೆ ಅದು ಗೇರುಪೆಟ್ಟಿಗೆಯ ದೋಷದ ಸೂಚನೆ. ಆಗ ಮೆಕ್ಯಾನಿಕರಿಗೆ ತೋರಿಸತಕ್ಕದ್ದು.

ಸಮತಟ್ಟಾದ ಹೆದ್ದಾರಿಯಲ್ಲಿಯೂ ನಗರದ ದೈನಂದಿನ ಓಡಾಟದಲ್ಲಿಯೂ ಓವರ್‌ಡ್ರೈವನ್ನು ಚಾಲೂ ಇಡುವುದೇ ಸರಿ. ವೇಗ ಕಡಿಮೆಯಿರುವಾಗ ನಾಲ್ಕನೆಯ ಗೇರು ತಾನಾಗಿಯೇ ಬೀಳುವುದಿಲ್ಲವಾದುದರಿಂದ ಪೇಟೆಯ ದಟ್ಟಣೆಯಲ್ಲಿ ಅದನ್ನು ತೆಗೆಯುವ ಅಗತ್ಯವಿಲ್ಲ.

ಏರುದಾರಿಯ ಮಾತು ಬೇರೆ. ತುಂಬಿದ ವಾಹನವು ಏರನ್ನು ಹತ್ತುವಾಗ ನಾಲ್ಕನೆಯ ಗೇರಿನ ಶಕ್ತಿ ಸಾಲದೆ ಪೆಟ್ಟಿಗೆ ಮೂರಕ್ಕೆ ಇಳಿಯುತ್ತದೆ, ತುಸು ವೇಗ ಬಂದೊಡನೆ ನಾಲ್ಕಕ್ಕೆ ಏರುತ್ತದೆ, ಮತ್ತೆ ಇಳಿಯುತ್ತದೆ. ಈ ತೂಗುಯ್ಯಾಲೆಯಿಂದ ಪೆಟ್ಟಿಗೆಯೊಳಗಿನ ಎಣ್ಣೆ ಕಾಯುತ್ತದೆ, ಕ್ಲಚ್ಚಿನ ತಟ್ಟೆಗಳು ಸವೆಯುತ್ತವೆ. ಗುಂಡಿಯೊತ್ತಿ ಮೂರರಲ್ಲಿಯೇ ಹತ್ತಿಸುವುದು ಲೇಸು.

ಇಳಿಜಾರಿನಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅವಶ್ಯ. ಪುಣೆಯಿಂದ ಮುಂಬಯಿಗೆ ಬರುವವರು ಬೋರ್ ಘಾಟಿನಲ್ಲಿ ಕೆಲವೇ ಕಿಲೋಮೀಟರುಗಳಲ್ಲಿ ಸುಮಾರು 500 ಮೀಟರು ಕೆಳಗಿಳಿಯುತ್ತಾರೆ. ಜನರು, ಸಾಮಾನುಗಳೆಲ್ಲ ಸೇರಿ 1,500 ಕಿಲೋಗ್ರಾಂ ತೂಗುವ ಕಾರು ಈ ಎತ್ತರದಿಂದ ಇಳಿಯುವಾಗ ಬಿಟ್ಟುಕೊಡುವ ಶಕ್ತಿಯು ಇಪ್ಪತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಗಾಳಿಯ ತಡೆಗೆ ಸ್ವಲ್ಪ ಹೋಗುತ್ತದೆ. ಓವರ್‌ಡ್ರೈವಿನಲ್ಲಿ ಎಂಜಿನಿನ ಹಿಡಿತ ಅತ್ಯಲ್ಪವಾದುದರಿಂದ ಉಳಿದುದರ ಬಹುಪಾಲು ಬ್ರೇಕುಗಳ ಮೇಲೆಯೇ ಬೀಳುತ್ತದೆ. ಎಡೆಬಿಡದೆ ಒತ್ತಿದ ಬ್ರೇಕು ಕಾದು ಸುಟ್ಟ ವಾಸನೆ ಬರುತ್ತದೆ. ಬ್ರೇಕಿನ ದ್ರವವು ಕುದಿದರೆ ಪೆಡಲು ತಡೆಯಿಲ್ಲದೆ ನೆಲಕ್ಕೆ ತಾಗುತ್ತದೆ. ಊರಿಗೆ ಹೋಗುವ ಕುಟುಂಬವು ಶಿರಾಡಿ ಅಥವಾ ಚಾರ್ಮಾಡಿ ಘಾಟಿಯನ್ನು ಇಳಿಯುವಾಗಲೂ ಸಂಗತಿ ಇದೇ.

ಆದುದರಿಂದ ಇಳಿಜಾರು ಆರಂಭವಾಗುವ ಮೊದಲೇ ವೇಗವನ್ನು ತಗ್ಗಿಸಿ ಗುಂಡಿಯನ್ನು ಒತ್ತಬೇಕು. ಅಷ್ಟರಿಂದಲೇ ತೃಪ್ತಿಪಡಬಾರದು: ಇದರಿಂದ ದೊರೆಯುವುದು ಮೂರನೆಯ ಗೇರು ಮಾತ್ರ. ಕಡಿದಾದ ತಿರುವುಗಳಲ್ಲಿ ಹಿಡಿಯನ್ನು ‘2’ಕ್ಕೆ, ಅದೂ ಸಾಲದಿದ್ದರೆ ‘ಎಲ್’ಗೆ ತರತಕ್ಕದ್ದು. ಬ್ರೇಕನ್ನು ಆಗಾಗ ಒತ್ತಿ, ವೇಗ ತಗ್ಗಿದೊಡನೆ ಬಿಡಬೇಕು. ಮಳೆಯಲ್ಲಿ ನೆನೆದ ರಸ್ತೆಯ ತಿರುವಿನ ನಡುವೆ ಹಠಾತ್ತಾಗಿ ಗೇರು ಇಳಿಸಿದರೆ ಚಕ್ರ ಜಾರುವ ಸಂಭವವುಂಟು.

ಇಳಿಜಾರಿನಲ್ಲಿ ನ್ಯೂಟ್ರಲಿಗೆ ಹಾಕಿದರೆ ಪೆಟ್ರೋಲು ಉಳಿಯುವುದೆಂಬ ನಂಬಿಕೆ ಹಳೆಯದು, ಹಟಮಾರಿಯಾದುದು. ಇಂಧನವನ್ನು ವಿದ್ಯುನ್ಮಾನದಿಂದ ಸಿಂಪಡಿಸುವ ಇಂದಿನ ಎಂಜಿನುಗಳಲ್ಲಿ, ಗೇರಿನಲ್ಲಿರುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನದ ಪೂರೈಕೆಯೇ ಬಹುತೇಕ ನಿಲ್ಲುತ್ತದೆ. ನ್ಯೂಟ್ರಲಿನಲ್ಲಾದರೋ ಎಂಜಿನು ಆರದಿರಲೆಂದು ಸ್ವಲ್ಪ ಇಂಧನ ಸುಡುತ್ತಲೇ ಇರಬೇಕಾಗುತ್ತದೆ. ಹೀಗೆ ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ.

ಐದಾರು ಗೇರುಗಳುಳ್ಳ ಹೊಸ ವಾಹನಗಳಲ್ಲಿ ಈ ಗುಂಡಿ ಸಾಮಾನ್ಯವಾಗಿ ಕಾಣಸಿಗುವುದಿಲ್ಲ. ಅಲ್ಲಿ ‘ಪ್ಲಸ್’, ‘ಮೈನಸ್’ ಗುರುತುಗಳಿರುವ ಮ್ಯಾನ್ಯುಯಲ್ ಸ್ಥಾನದಲ್ಲಿ ಗೇರನ್ನು ಇಳಿಸಿಕೊಳ್ಳಬಹುದು. ಸಿವಿಟಿ ಎಂಬ ಬಗೆಯ ಅನೇಕ ಪೆಟ್ಟಿಗೆಗಳಲ್ಲಿ ‘ಎಲ್’ ಅಥವಾ ‘ಎಸ್’ ಸ್ಥಾನವು ಇದೇ ಕೆಲಸ ಮಾಡುತ್ತದೆ. ಗುಂಡಿಯಿರುವ ವಾಹನದವರು ಖೋಪೋಲಿಯ ಬಯಲನ್ನು ತಲುಪಿದ ಮೇಲೆ ಅದನ್ನು ಮತ್ತೊಮ್ಮೆ ಒತ್ತಿ, ದೀಪ ಆರಿದುದನ್ನು ನೋಡಿಕೊಂಡು ಮುಂದುವರಿಯಬೇಕು.