ಒಂದೇ ಪ್ರೋಟೀನು, ಎರಡು ರೂಪ

ವೈರಸ್ಸು ಜೀವಕೋಶವನ್ನು ಹೊಗುವುದು ತನ್ನ ಮೈಮೇಲಣ ಪ್ರೋಟೀನುಗಳ ಬಲದಿಂದ. ಇವುಗಳ ಆಕಾರವನ್ನರಿಯದೆ ಲಸಿಕೆ ತಯಾರಿಸಿದರೆ ಏನಾದೀತೆಂಬುದನ್ನು ಹಸುಗೂಸುಗಳ ಶ್ವಾಸಕೋಶಕ್ಕೆ ತಗಲುವ ಆರ್.ಎಸ್.ವಿ. ಎಂಬ ವೈರಸ್ಸಿನಿಂದ ತಿಳಿಯಬಹುದು. 1966ರ ಸುಮಾರಿನಲ್ಲಿ ಅಮೆರಿಕದಲ್ಲಿ ಇದನ್ನು ಫಾರ್ಮಲಿನ್ನಿನಿಂದ ಕೊಂದು, ಲಸಿಕೆಯಾಗಿ ಮಕ್ಕಳಿಗೆ ಚುಚ್ಚಿ ನೋಡಿದರು. ಮುಂದೆ ಸೋಂಕು ತಗಲಿದಾಗ ಲಸಿಕೆ ಪಡೆದವರಲ್ಲೇ ರೋಗವು ಉಲ್ಬಣಿಸಿತು. ಎರಡು ಕೂಸುಗಳು ತೀರಿಕೊಂಡವು. ಕಾಯಬೇಕಾದ ಮದ್ದೇ ಹೀಗೆ ಮಾಡಿತೇಕೆ?

ಈ ವೈರಸ್ಸಿನ ಎಫ್ ಪ್ರೋಟೀನು ಮೊದಲು ಅದುಮಿಟ್ಟ ಸ್ಪ್ರಿಂಗಿನಂತೆ ಗಿಡ್ಡಾಗಿರುತ್ತದೆ. ವೈರಸ್ಸಿನ ಪೊರೆಯನ್ನು ಜೀವಕೋಶದ ಪೊರೆಗೆ ಬೆಸೆಯುವಾಗ ಚಿಮ್ಮಿ ಉದ್ದವಾಗುತ್ತದೆ; ಮತ್ತೆ ಮೊದಲಿನಂತಾಗದು. ರಕ್ತದಲ್ಲಿನ ಪ್ರಬಲ ಪ್ರತಿಕಾಯಗಳು ಹಿಡಿಯುವುದು ಮೊದಲ ರೂಪದ ನೆತ್ತಿಯನ್ನು. ಫಾರ್ಮಲಿನ್ ಲಸಿಕೆಯಲ್ಲಿದ್ದುದೋ ಬಹುಮಟ್ಟಿಗೆ ಚಿಮ್ಮಿಹೋದ ರೂಪ! ಹುಟ್ಟಿದ ಪ್ರತಿಕಾಯಗಳು ಅಂಟಿಕೊಂಡವು, ಆದರೆ ಚೆನ್ನಾಗಿ ತಡೆಯಲಿಲ್ಲ. (ರೋಗ ಉಲ್ಬಣಿಸಲು ಬೇರೆ ಕಾರಣಗಳೂ ಉಂಟು, ಅವನ್ನು ಇಲ್ಲಿ ಎತ್ತಿಕೊಂಡಿಲ್ಲ.)

2013ರಲ್ಲಿ ಮೆಕ್‌ಲೆಲನ್ ಮತ್ತು ಸಂಗಡಿಗರು ಕ್ಷ-ಕಿರಣಗಳ ನೆರವಿನಿಂದ ಮೊದಲ ರೂಪದ ರಚನೆಯನ್ನು ಕಂಡರು. ಬಳಿಕ ಗಂಧಕದ ಬಂಧವೊಂದನ್ನು ಹೊಲಿಗೆಯಂತೆ ಹಾಕಿ, ಒಳಗಿನ ಪೊಳ್ಳನ್ನೂ ತುಂಬಿ, ಅದು ಚಿಮ್ಮದಂತೆ ಬಿಗಿದರು. ಹೀಗೆ ಬಿಗಿದ ಎಫ್ ಪ್ರೋಟೀನಿನ ಲಸಿಕೆಗಳಿಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅವುಗಳಲ್ಲೊಂದನ್ನು ಗರ್ಭಿಣಿಯರಿಗೆ ಕೊಡುತ್ತಾರೆ. ತಾಯಿಯ ಪ್ರತಿಕಾಯಗಳು ಹುಟ್ಟುವ ಮೊದಲೇ ಕೂಸಿಗೆ ಇಳಿಯುತ್ತವೆ.